ಇಲಿಯಲ್ಲಿ ಗೆದ್ದ ಔಷಧಿ ರೋಗಿಯಲ್ಲಿ ಸೋತಿದ್ದೇಕೆ?

1856ರಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ ನಾಯಿಯೊಂದರ ಮೇದೋಜೀರಕ ಗ್ರಂಥಿಯ ನಾಳಕ್ಕೆ ಪಿತ್ತರಸ ಮತ್ತು ಆಲಿವ್ ಎಣ್ಣೆ ಹಾಯಿಸಿದರು. ಗ್ರಂಥಿ ಊದಿಕೊಂಡಿತು. ಈ ಗ್ರಂಥಿಗೆ ದಿಢೀರನೆ ಬರುವ ಉರಿಯೂತವಾದ ಆಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಅನ್ನು ಬೇಕೆಂದೇ ಪ್ರಾಣಿಗಳಲ್ಲಿ ತರಿಸುವ ಪ್ರಯೋಗಗಳು ಶುರುವಾಗಿದ್ದು ಹೀಗೆ.

ಪ್ರಾಣಿ ಯಾಕೆ ಬೇಕು? ಈ ಗ್ರಂಥಿ ಹೊಟ್ಟೆಯ ಹಿಂದೆ ಅಡಗಿ ಕೂತಿರುತ್ತದೆ. ಕಾಯಿಲೆ ಬಿದ್ದವರ ಗ್ರಂಥಿಯಿಂದ ಸುಮ್ನೆ ಒಂದು ಚೂರು ತೆಗೆದು ನೋಡುವ ಹಾಗಿಲ್ಲ. ಗ್ರಂಥಿಯ ರಸ ಗ್ರಂಥಿಯನ್ನೇ ಜೀರ್ಣಿಸಿಬಿಡುತ್ತದೆ ಎಂದು 1896ರಲ್ಲಿ ಹಾನ್ಸ್ ಕಿಯಾರಿ ಹೇಳಿದರು. ಪಿತ್ತಕೋಶದ ಕಲ್ಲು ದಾರಿಗೆ ಅಡ್ಡ ಸಿಕ್ಕಿಕೊಂಡರೆ ಹೀಗಾಗಬಹುದು ಎಂದು 1901ರಲ್ಲಿ ಯೂಜೀನ್ ಓಪಿ ತೋರಿಸಿದರು. ಆದರೆ ಮೊದಲ ಕೆಲವು ಗಂಟೆಗಳಲ್ಲಿ ಒಳಗೆ ಏನಾಗುತ್ತದೆ ಅನ್ನೋದು ಮಾತ್ರ ಕಾಣುತ್ತಿರಲಿಲ್ಲ.

ಅದನ್ನು ಕಾಣಿಸಿದ್ದು ಒಂದು ಕಪ್ಪೆ! ಆಸ್ಟ್ರೇಲಿಯಾದ ಹಸಿರು ಮರಗಪ್ಪೆಯ ಚರ್ಮದಲ್ಲಿ ಸೆರುಲೀನ್ ಎಂಬ ವಸ್ತುವಿದೆ. 1960ರ ದಶಕದಲ್ಲಿ ಇಟಲಿಯ ವಿಟ್ಟೋರಿಯೊ ಎರ್ಸ್ಪಾಮರ್ ಮತ್ತು ಜೊತೆಗಾರರು ಅದನ್ನು ಬೇರ್ಪಡಿಸಿದರು. ಊಟವಾದ ಮೇಲೆ ರಸ ಬಿಡು ಎಂದು ಗ್ರಂಥಿಗೆ ಹೇಳುವ ನಮ್ಮದೇ ಹಾರ್ಮೋನಿನ ಹಾಗೆ ಇದು ಕೆಲಸ ಮಾಡುತ್ತದೆ. ಪ್ರಮಾಣ ಜಾಸ್ತಿಯಾದರೆ ಕಥೆಯೇ ತಿರುಗುತ್ತದೆ: ರಸ ಹೊರಗೆ ಬರುವುದಿಲ್ಲ, ಜೀವಕೋಶದ ಒಳಗೇ ಚುರುಕಾಗುತ್ತದೆ. 1977ರಲ್ಲಿ ಲ್ಯಾಂಪೆಲ್ ಮತ್ತು ಕರ್ನ್ ಇದನ್ನು ಇಲಿಗಳಲ್ಲಿ ತೋರಿಸಿದರು. ಈಗ ಸಣ್ಣ ಇಲಿಗಳಿಗೆ ಸಾಮಾನ್ಯವಾಗಿ ಕೆಜಿ ತೂಕಕ್ಕೆ 50 ಮೈಕ್ರೋಗ್ರಾಂ ಲೆಕ್ಕದಲ್ಲಿ ಗಂಟೆಗೊಂದು ಇಂಜೆಕ್ಷನ್ ಕೊಡುತ್ತಾರೆ. ಸಂಜೆಯೊಳಗೆ ಗ್ರಂಥಿ ಊದಿ, ರಕ್ತದಲ್ಲಿ ಅಮೈಲೇಸ್ ಎಂಬ ಜೀರ್ಣಕಿಣ್ವ ಏರಿರುತ್ತದೆ. ಒಂದು ತೊಡಕೆಂದರೆ, ಈ ಇಲಿಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ಹಾಗಾಗಿ ಜೀವ ತೆಗೆಯುವಂಥ ಕಾಯಿಲೆ ಬೇಕಿದ್ದರೆ ನಾಳಕ್ಕೆ ಪಿತ್ತ ಲವಣ ಹಾಯಿಸುತ್ತಾರೆ.

ಉರಿಯೂತ ತಗ್ಗಿಸುವ ಔಷಧಿಯ ಪರೀಕ್ಷೆ ನಡೆಯುವುದು ಇಲ್ಲಿಯೇ. ಗ್ರಂಥಿಯನ್ನು ತೂಗುತ್ತಾರೆ, ಅಮೈಲೇಸ್ ನೋಡುತ್ತಾರೆ, ತೆಳುವಾಗಿ ಸೀಳಿ ಮೈಕ್ರೋಸ್ಕೋಪಿನಡಿ ಸತ್ತ ಜೀವಕೋಶಗಳನ್ನು ಹುಡುಕುತ್ತಾರೆ. ಶ್ವಾಸಕೋಶವನ್ನೂ ಬಿಡುವುದಿಲ್ಲ, ಯಾಕಂದರೆ ರೋಗಿಯನ್ನು ಐಸಿಯುಗೆ ತಳ್ಳುವುದು ಹೆಚ್ಚಾಗಿ ಅದೇ. ನಮ್ಮ ಅರಿಶಿನದ ಕರ್ಕ್ಯುಮಿನ್ ಸೇರಿ ಎಷ್ಟೋ ವಸ್ತುಗಳು ಇಲ್ಲಿ ಪಾಸಾಗಿವೆ. ಆದರೆ ಇಂಥ ಬಹಳಷ್ಟು ಪ್ರಯೋಗಗಳಲ್ಲಿ ಔಷಧಿ ಕೊಡುವುದು ಕಾಯಿಲೆ ತರಿಸುವ ಮೊದಲು, ಇಲ್ಲವೇ ಅದರ ಜೊತೆಗೇ. ನನ್ನ ಪ್ರಕಾರ ಎಡವಟ್ಟು ಇರುವುದೇ ಇಲ್ಲಿ. ಹೊಟ್ಟೆನೋವು ಬರುವ ಮುಂಚೆಯೇ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ, ಅಲ್ವಾ?

ಲೆಕ್ಸಿಪಾಫಾಂಟ್ ಇದಕ್ಕೆ ತಕ್ಕ ಬೆಲೆ ತೆತ್ತಿತು. ಉರಿಯೂತ ಹಬ್ಬಿಸುವ ಪಿಎಎಫ್ ಎಂಬ ವಸ್ತುವನ್ನು ತಡೆಯುವ ಔಷಧಿ ಅದು. ಪ್ರಾಣಿಗಳಲ್ಲಿ ಫಲ ಕೊಟ್ಟಿತು. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೋಗಿಗಳ ಮೇಲೆ ನಡೆದ ಸಣ್ಣ ಪ್ರಯೋಗಗಳೂ ಆಸೆ ಹುಟ್ಟಿಸಿದವು. 2001ರಲ್ಲಿ ಸುಮಾರು 290 ರೋಗಿಗಳ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಅಂಗಗಳು ಕೈಕೊಟ್ಟವರು ಔಷಧಿ ಪಡೆದ ಗುಂಪಿನಲ್ಲಿ ಶೇ 57, ಪಡೆಯದ ಗುಂಪಿನಲ್ಲಿ ಶೇ 58. ನೋವು ಶುರುವಾಗಿ 72 ಗಂಟೆಯೊಳಗಿನವರನ್ನೇ ಆರಿಸಿದ್ದರೂ ಶೇ 44 ಮಂದಿಗೆ ಸೇರುವಾಗಲೇ ಯಾವುದಾದರೊಂದು ಅಂಗ ಕೈಕೊಟ್ಟಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು.

ಹಾಗಂತ ಇಲಿ ಸುಳ್ಳು ಹೇಳಿತು ಅನ್ನುವಂತಿಲ್ಲ. ಕಾಯಿಲೆ ಯಾವಾಗ ಬರಬಹುದು ಎಂದು ಮೊದಲೇ ಗೊತ್ತಿರುವ ಒಂದು ಸಂದರ್ಭ ಮನುಷ್ಯರಲ್ಲೂ ಇದೆ. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳಕ್ಕೆ ಕೈಹಾಕುವ ಇಆರ್‌ಸಿಪಿ ಮುಗಿದ ಮೇಲೆ ಕೆಲವರಿಗೆ ಪ್ಯಾಂಕ್ರಿಯಾಟೈಟಿಸ್ ಬರುತ್ತದೆ. 2012ರಲ್ಲಿ ಅಮೆರಿಕದ ವೈದ್ಯರು ಅಪಾಯ ಜಾಸ್ತಿಯಿದ್ದ 602 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇಆರ್‌ಸಿಪಿ ಮುಗಿದ ಕೂಡಲೇ ಗುದದ್ವಾರದ ಮೂಲಕ ಇಂಡೊಮೆಥಾಸಿನ್ ಕೊಟ್ಟರು. ಹಳೆಯ, ಅಗ್ಗದ ನೋವಿನ ಔಷಧಿ ಅದು. ಔಷಧಿ ಇಲ್ಲದವರಲ್ಲಿ ಶೇ 16.9 ಮಂದಿಗೆ ಕಾಯಿಲೆ ಬಂತು, ಪಡೆದವರಲ್ಲಿ ಶೇ 9.2 ಮಂದಿಗೆ. ಈಗ ಯುರೋಪಿನ ಮಾರ್ಗಸೂಚಿಯೂ ಇಆರ್‌ಸಿಪಿಗೆ ಇದನ್ನು ಅಥವಾ ಡೈಕ್ಲೋಫೆನಾಕ್ ಅನ್ನು ಕೊಡಲು ಹೇಳುತ್ತದೆ. ಮನೆಯಲ್ಲೇ ನೋವು ಕಾಣಿಸಿಕೊಂಡು ಬಂದವರಿಗೆ ಮಾತ್ರ ಇಂದಿಗೂ ಡ್ರಿಪ್, ನೋವು ಶಮನ, ಹೊಂದಿಕೆಯಾದ ಕೂಡಲೇ ಊಟ, ಕಲ್ಲಿದ್ದರೆ ಅದಕ್ಕೆ ಚಿಕಿತ್ಸೆ, ಇಷ್ಟೇ.