ಹಳೆಯ ವಾಷಿಂಗ್ ಮಷೀನ್ ಬಟ್ಟೆ ಹಿಂಡದಿದ್ದಾಗ: ಸದ್ದು ಕೇಳಿ ದೋಷ ಹುಡುಕುವುದು

ಮೇಲಿನಿಂದ ಬಟ್ಟೆ ಹಾಕುವ, ತಿರುಗಿಸುವ ಟೈಮರ್ ಇರುವ ಹಳೆಯ ಯಂತ್ರಗಳನ್ನು, ಅದರಲ್ಲೂ ಒಗೆಯಲು ಒಂದು ತೊಟ್ಟಿ, ಹಿಂಡಲು ಇನ್ನೊಂದು ತೊಟ್ಟಿ ಇರುವ ಸೆಮಿ ಆಟೊಮ್ಯಾಟಿಕ್ ಯಂತ್ರಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಈ ಟಿಪ್ಪಣಿಯನ್ನು ಬರೆದಿದ್ದೇನೆ. ಇಂಥ ಯಂತ್ರ ಹಿಂಡುತ್ತಿಲ್ಲವೆಂದು ತಿಳಿದ ಕೂಡಲೇ ಹಿಂಬದಿಯ ತಗಡು ಬಿಚ್ಚಬೇಕಾಗಿಲ್ಲ. ಮುಚ್ಚಳ ಹಾಕಿ, ಸ್ಪಿನ್ ಟೈಮರ್ ತಿರುಗಿಸಿ, ಕೆಲವೇ ಸೆಕೆಂಡು ಕಿವಿಗೊಟ್ಟು ಕೇಳಬೇಕು. ಸದ್ದೇ ಇಲ್ಲದಿದ್ದರೆ ಮೋಟಾರಿಗೆ ವಿದ್ಯುತ್ ತಲುಪುತ್ತಿಲ್ಲ. ಗುಂಯ್‌ಗುಟ್ಟಿ ಅಲ್ಲೇ ನಿಂತರೆ ವಿದ್ಯುತ್ ತಲುಪಿಯೂ ಮೋಟಾರ್ ತಿರುಗಲಾಗುತ್ತಿಲ್ಲ. ಮೋಟಾರ್ ಓಡುತ್ತಿದ್ದು, ಹಿಂಡುವ ಬಟ್ಟೆಯನ್ನು ಹೊತ್ತು ತಿರುಗುವ ಬುಟ್ಟಿ ಮಾತ್ರ ನಿಂತಿದ್ದರೆ ಚಲನೆ ಬುಟ್ಟಿಯವರೆಗೆ ಸಾಗುತ್ತಿಲ್ಲ.

ಇದಕ್ಕೂ ಮೊದಲು ನೀರು ಪೂರ್ತಿ ಹೊರಹೋಗಿದೆಯೇ ಎಂದು ನೋಡಬೇಕು. ಹೊರಹರಿವಿನ ಪೈಪು ಮಡಚಿಕೊಂಡಿದ್ದರೆ ಅಥವಾ ಎತ್ತರದಲ್ಲಿದ್ದರೆ ಬುಟ್ಟಿಯ ಸುತ್ತ ನಿಂತ ನೀರೇ ಅದನ್ನು ತಡೆಹಿಡಿಯುತ್ತದೆ. ಪೂರ್ಣ ಆಟೊಮ್ಯಾಟಿಕ್ ಯಂತ್ರದಲ್ಲಿ ತೊಟ್ಟಿಯ ತಳದಿಂದ ನೀರಿನ ಮಟ್ಟ ಅಳೆಯುವ ಸ್ವಿಚ್ಚಿಗೆ ಹೋಗುವ ಸಣ್ಣ ಗಾಳಿಕೊಳವೆಯಲ್ಲಿ ಸಾಬೂನಿನ ಜಿಡ್ಡು ಕಟ್ಟಿಕೊಂಡರೆ, ತೊಟ್ಟಿ ಬರಿದಾದ ಮೇಲೂ ನೀರಿದೆಯೆಂಬ ಸಂಕೇತವೇ ಉಳಿದು ಸ್ಪಿನ್ ಆರಂಭವಾಗದೇ ಇರಬಹುದು.

ಸದ್ದಿಲ್ಲದ ಯಂತ್ರದಲ್ಲಿ ನಾನು ಮೊದಲು ಅನುಮಾನಿಸುವುದು ಮುಚ್ಚಳದ ಸ್ವಿಚ್ಚನ್ನು. ಪ್ಲಗ್ ಕಿತ್ತು, ಸ್ವಿಚ್ಚಿನ ತಂತಿಗಳನ್ನು ಬಿಡಿಸಿ, ಮುಚ್ಚಳ ಮುಚ್ಚಿದಾಗ ಮಲ್ಟಿಮೀಟರ್ (ವಿದ್ಯುತ್ ಅಳತೆಯ ಮೀಟರ್) ಶೂನ್ಯಕ್ಕೆ ಹತ್ತಿರದ ಓಮ್, ಅಂದರೆ ತೀರಾ ಕಡಿಮೆ ತಡೆ, ತೋರಿಸುತ್ತದೆಯೇ ಎಂದು ನೋಡಬೇಕು. ಸ್ವಿಚ್ಚು ಸರಿಯಿದ್ದರೆ ಟೈಮರಿನ ಸಂಪರ್ಕಬಿಂದುಗಳು ಕರಕಲಾಗಿವೆಯೇ ಎಂದು ಪರೀಕ್ಷಿಸಬಹುದು. ಸ್ವಿಚ್ಚನ್ನು ತಪ್ಪಿಸಿ ತಂತಿಗಳನ್ನು ನೇರವಾಗಿ ಜೋಡಿಸುವ ರೂಢಿಯನ್ನು ಯಾರೂ ಕಲಿಯಬಾರದು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಮೋಟಾರ್ ನಿಮಿಷಕ್ಕೆ 1,500 ಸುತ್ತುಗಳಿಗಿಂತ ತುಸು ಕಡಿಮೆ ವೇಗದಲ್ಲಿ ಓಡುತ್ತದೆ. ಬುಟ್ಟಿ 1,300 ಸುತ್ತು ತಿರುಗುತ್ತಿದ್ದು ಅದರ ತ್ರಿಜ್ಯ 12 ಸೆಂಟಿಮೀಟರ್ ಇದೆಯೆಂದುಕೊಂಡರೆ, ಅಂಚಿನಲ್ಲಿರುವ ಬಟ್ಟೆಯ ಮೇಲೆ ಗುರುತ್ವದ ಸುಮಾರು 225 ಪಟ್ಟು ಬಲ ಬೀಳುತ್ತದೆ. ಅದರೊಳಗೆ ಕೈ ಹೋಗದಂತೆ ಕಾಯುವುದೇ ಈ ಸ್ವಿಚ್ಚಿನ ಕೆಲಸ.

ಕಲಿಯುವವರು ಹೆಚ್ಚು ಹೊತ್ತು ಕೊಡಬೇಕಾದದ್ದು ಗುಂಯ್ ಎನ್ನುವ ಯಂತ್ರಕ್ಕೆ. ಒಂದೇ ಫೇಸಿನ ವಿದ್ಯುತ್ತಿನಿಂದ ಒಂದು ಸುರುಳಿಯಲ್ಲಿ ಹುಟ್ಟುವ ಕಾಂತಕ್ಷೇತ್ರ ಹಿಗ್ಗಿ ಕುಗ್ಗುತ್ತದೆಯೇ ಹೊರತು ಸುತ್ತುವುದಿಲ್ಲ. ಎರಡನೆಯ ಸುರುಳಿಗೆ ಹೋಗುವ ವಿದ್ಯುತ್ತಿನ ಕಾಲವನ್ನು ಕೆಪಾಸಿಟರ್ (ವಿದ್ಯುತ್ತನ್ನು ಕೂಡಿಟ್ಟು ಬಿಡುವ ಭಾಗ) ತುಸು ಹಿಂದುಮುಂದಾಗಿಸಿದಾಗಲೇ ಸುತ್ತುವ ಕ್ಷೇತ್ರ ಉಂಟಾಗುತ್ತದೆ. ಕೆಪಾಸಿಟರ್ ದುರ್ಬಲವಾದರೆ ಉಳಿಯುವುದು ಸದ್ದು ಮಾತ್ರ. ಆದರೆ ಬ್ರೇಕ್ ಹಿಡಿದುಕೊಂಡಿದ್ದರೂ ಇದೇ ಸದ್ದು ಬರುತ್ತದೆ. ಕಲಿಯುವ ದಿನಗಳಲ್ಲಿ ಹೊಸ ಕೆಪಾಸಿಟರ್ ಹಾಕಿದ ಮೇಲೂ ಯಂತ್ರ ತಿರುಗದೆ, ಕೊನೆಗೆ ಬುಟ್ಟಿಯ ಅಡಿಯಲ್ಲಿ ಸುತ್ತಿಕೊಂಡಿದ್ದ ಕರವಸ್ತ್ರವೊಂದು ನನಗೆ ಸಿಕ್ಕಿತ್ತು. ಅಂದಿನಿಂದ ನಾನು ಪ್ಲಗ್ ಕಿತ್ತು ಬುಟ್ಟಿಯನ್ನು ಕೈಯಿಂದ ತಿರುಗಿಸಿ ನೋಡದೆ ಯಾವ ಭಾಗವನ್ನೂ ಬದಲಿಸುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಮುಚ್ಚಳ ತೆರೆದಿರುವಾಗ ಸ್ಪ್ರಿಂಗು ಬ್ರೇಕನ್ನು ಒತ್ತಿಹಿಡಿದಿರುತ್ತದೆ. ಮುಚ್ಚಿದಾಗ ತಂತಿಯೊಂದು ಅದನ್ನು ಎಳೆದು ಬಿಡಿಸುತ್ತದೆ. ಆದ್ದರಿಂದ ತೆರೆದ ಮುಚ್ಚಳದಲ್ಲಿ ಬುಟ್ಟಿ ಬಿಗಿಯಾಗಿದ್ದರೆ ಅದು ದೋಷವಲ್ಲ. ಹಿಂಬದಿಯಿಂದ ಬ್ರೇಕ್ ತಂತಿಯನ್ನು ಎಳೆದು ಹಿಡಿದಾಗಲೂ ಬಿಗಿಯಾಗಿದ್ದರೆ ಬ್ರೇಕ್, ಬೇರಿಂಗ್ ಅಥವಾ ಸಿಕ್ಕಿಕೊಂಡ ಬಟ್ಟೆ ಕಾರಣವಿರಬಹುದು. ತಂತಿ ಹಿಗ್ಗಿ ಸಡಿಲವಾದಾಗ ಬ್ರೇಕ್ ಅರ್ಧಂಬರ್ಧ ಬಿಟ್ಟು, ಸುಟ್ಟ ವಾಸನೆಯೂ ಬರುವುದುಂಟು. ಬುಟ್ಟಿ ಸಲೀಸಾಗಿ ತಿರುಗಿದರೆ ಕೆಪಾಸಿಟರನ್ನು ಪರೀಕ್ಷಿಸಬೇಕು.

ಪ್ಲಗ್ ಕಿತ್ತ ನಂತರವೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸದೆ, 20 ಕಿಲೊಓಮ್, 5 ವ್ಯಾಟಿನ ರೆಸಿಸ್ಟರನ್ನು (ವಿದ್ಯುತ್ ಹರಿವಿಗೆ ತಡೆ ಒಡ್ಡುವ ಭಾಗ) ಕೆಪಾಸಿಟರಿನ ಎರಡು ತುದಿಗಳಿಗೆ ಕೆಲವು ಸೆಕೆಂಡು ತಾಗಿಸಿ ಬರಿದು ಮಾಡಿ, ವೋಲ್ಟೇಜ್ ಉಳಿದಿಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಂಡು ಅಳೆಯಬೇಕು. ಕೆಪಾಸಿಟರಿನ ಮೈಮೇಲೆ 10 ಮೈಕ್ರೊಫ್ಯಾರಡ್ (ಅದರ ಸಾಮರ್ಥ್ಯದ ಅಳತೆ), ಶೇ. 5ರ ವ್ಯತ್ಯಾಸ ಎಂದು ಮುದ್ರಿಸಿದ್ದರೆ 9.5ರಿಂದ 10.5ರೊಳಗಿನ ಅಳತೆ ಸರಿಯಾದದ್ದು. ಬದಲಿಸುವಾಗ ಮೈಕ್ರೊಫ್ಯಾರಡ್ ಅಷ್ಟೇ ಇರಬೇಕು, ವೋಲ್ಟೇಜ್ ಮಿತಿ ಮೊದಲಿನದಕ್ಕಿಂತ ಕಡಿಮೆ ಇರಬಾರದು.

ಮೋಟಾರ್ ಓಡಿಯೂ ಬುಟ್ಟಿ ನಿಂತಿರುವ ದೋಷ ಕಣ್ಣಿಗೇ ಕಾಣುವಂಥದ್ದು. ಎರಡು ತೊಟ್ಟಿಯ ಯಂತ್ರದಲ್ಲಿ ಸಾಮಾನ್ಯವಾಗಿ ಸ್ಪಿನ್ ಮೋಟಾರಿಗೂ ಬುಟ್ಟಿಗೂ ನಡುವೆ ಬೆಲ್ಟ್ ಇರುವುದಿಲ್ಲ. ಮೋಟಾರಿನ ದಂಡವನ್ನು ಹಿಡಿದಿರುವ ಜೋಡಣೆಯ ಬೋಲ್ಟ್ ಸಡಿಲಾಗಿದೆಯೇ ಎಂದು ನೋಡಿದರೆ ಸಾಕು. ಒಂದೇ ತೊಟ್ಟಿಯ ಯಂತ್ರದಲ್ಲಿ ಬೆಲ್ಟ್ ಸವೆದು ಜಾರುತ್ತಿರಬಹುದು. ಅಂಥ ಕೆಲವು ಯಂತ್ರಗಳಲ್ಲಿ ನೀರು ಹೊರಬಿಡುವ ವಾಲ್ವನ್ನು ತೆರೆಯುವ ಪುಟ್ಟ ಮೋಟಾರೇ, ಬುಟ್ಟಿಗೆ ಚಲನೆಯನ್ನು ಜೋಡಿಸುವ ಕ್ಲಚ್ಚಿನ ಸನ್ನೆಕೋಲನ್ನೂ ಎಳೆಯುವುದರಿಂದ, ನೀರೂ ಹೋಗದೆ ಹಿಂಡುವುದೂ ಇಲ್ಲದಿದ್ದರೆ ಮೊದಲು ಆ ಪುಟ್ಟ ಮೋಟಾರನ್ನೇ ಪರೀಕ್ಷಿಸಬೇಕು.