ಕಡತದ ಹೆಸರಿನಲ್ಲೇ ಅರ್ಧ ಉತ್ತರ: ಹಡೂಪ್ ತನ್ನ ಕೆಲಸಗಳ ಚರಿತ್ರೆಯನ್ನು ಇಡುವ ಬಗೆ

ಸಾವಿರಾರು ಕಂಪ್ಯೂಟರುಗಳನ್ನು ಒಂದುಗೂಡಿಸಿದ ಕ್ಲಸ್ಟರುಗಳ ಬಗ್ಗೆ ಬರೆಯುವವರೆಲ್ಲ ಅವುಗಳ ವೇಗವನ್ನು ವರ್ಣಿಸುತ್ತಾರೆ. ಕೆಲಸ ಮುಗಿದ ಮೇಲೆ ಉಳಿಯುವ ದಾಖಲೆಯ ಕಡೆಗೆ ಕಣ್ಣು ಹಾಯಿಸುವವರು ಕಡಿಮೆ. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಲೆಕ್ಕ ನಿನ್ನೆ ಎರಡು ಗಂಟೆ ಹಿಡಿದದ್ದೇಕೆ, ಅದನ್ನು ಯಾರು ಯಾವ ಸರತಿಯಲ್ಲಿ ನಡೆಸಿದರು, ಅದರ ಯಾವ ತುಂಡು ಮತ್ತೆ ಮತ್ತೆ ವಿಫಲವಾಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ಈ ದಾಖಲೆಯಲ್ಲಿ, ಅಂದರೆ ಜಾಬ್ ಹಿಸ್ಟರಿ ಲಾಗ್‌ನಲ್ಲಿ. ಇದರ ಬಗ್ಗೆ ಒಂದು ತಪ್ಪು ನಂಬಿಕೆ ಬಲವಾಗಿ ಬೇರೂರಿದೆ: ಈಗ ಎಲ್ಲವನ್ನೂ ಒಂದು ಕಡೆ ಸುರಿದಿಟ್ಟರೆ ಸಾಕು, ಬೇಕಾದಾಗ ಯಾವುದಾದರೂ ಶಕ್ತಿಶಾಲಿ ತಂತ್ರಾಂಶ ಹುಡುಕಿಕೊಡುತ್ತದೆ ಎಂಬುದು. ದಾಖಲೆಯನ್ನು ಎಲ್ಲಿ, ಯಾವ ಹೆಸರಿನಲ್ಲಿ ಇಡುತ್ತೇವೆ ಎಂದು ತೀರ್ಮಾನಿಸುವ ಹೊತ್ತಿಗೇ ಹುಡುಕಾಟದ ಬಹುಪಾಲು ನಿರ್ಧಾರವಾಗಿಬಿಟ್ಟಿರುತ್ತದೆ. ಹಡೂಪ್ ಎಂಬ ವ್ಯವಸ್ಥೆ ಈ ಮಾತಿಗೆ ಬಹಳ ಒಳ್ಳೆಯ ನಿದರ್ಶನ.

ಗೂಗಲ್‌ನ ಜೆಫ್ರಿ ಡೀನ್ ಮತ್ತು ಸಂಜಯ್ ಘೆಮಾವತ್ 2004ರಲ್ಲಿ ಮ್ಯಾಪ್‌ರೆಡ್ಯೂಸ್ ವಿಧಾನವನ್ನು ಪ್ರಕಟಿಸಿದರು. ದೊಡ್ಡ ಲೆಕ್ಕವನ್ನು ಸಣ್ಣ ತುಂಡುಗಳಾಗಿ ಒಡೆದು, ಹಲವು ಯಂತ್ರಗಳಿಗೆ ಹಂಚಿ (ಮ್ಯಾಪ್), ಫಲಿತಾಂಶಗಳನ್ನು ಒಟ್ಟುಗೂಡಿಸುವ (ರೆಡ್ಯೂಸ್) ಆ ವಿಧಾನವನ್ನು ಡಗ್ ಕಟಿಂಗ್ ಮತ್ತು ಮೈಕ್ ಕಫರೆಲ್ಲಾ ಮುಕ್ತ ತಂತ್ರಾಂಶವಾಗಿ ಕಟ್ಟಿದರು. 2006ರಲ್ಲಿ ಅದು ಹಡೂಪ್ ಎಂಬ ಹೆಸರು ಪಡೆಯಿತು. ಅದು ಕಟಿಂಗ್ ಅವರ ಮಗನ ಆಟಿಕೆ ಆನೆಯ ಹೆಸರು.

ಹಡೂಪ್‌ನಲ್ಲಿ ಮುಗಿದ ಪ್ರತಿಯೊಂದು ಜಾಬ್, ಅಂದರೆ ಕ್ಲಸ್ಟರಿಗೆ ಒಪ್ಪಿಸಿದ ಒಂದೊಂದು ಲೆಕ್ಕ, ಎರಡು ಮುಖ್ಯ ಕಡತಗಳನ್ನು ಬಿಟ್ಟುಹೋಗುತ್ತದೆ. ಒಂದರಲ್ಲಿ ಘಟನೆಗಳ ಸರಣಿ ಇದ್ದರೆ, ಇನ್ನೊಂದರಲ್ಲಿ ಆ ಜಾಬ್ ಯಾವ ಸಂಯೋಜನೆಗಳೊಂದಿಗೆ (ಸೆಟ್ಟಿಂಗ್‌ಗಳೊಂದಿಗೆ) ಓಡಿತು ಎಂಬ ವಿವರವಿರುತ್ತದೆ. ಆರಂಭದ ವರ್ಷಗಳಲ್ಲಿ ಇವೆಲ್ಲ ಒಂದೇ ಡೈರೆಕ್ಟರಿಯಲ್ಲಿ ಬಂದು ಬೀಳುತ್ತಿದ್ದವು. ಹಡೂಪ್‌ನ ಕಡತ ವ್ಯವಸ್ಥೆಯಲ್ಲಿ ಎಲ್ಲ ಕಡತಗಳ ಹೆಸರೂ ನೇಮ್‌ನೋಡ್ ಎಂಬ ಒಂದು ಸರ್ವರಿನ ನೆನಪಿನಲ್ಲಿ ಕೂತಿರುತ್ತವೆ. ಒಂದೊಂದಕ್ಕೂ ಸುಮಾರು 150 ಬೈಟ್ ಎಂಬುದು ಈ ಕ್ಷೇತ್ರದವರು ಹಿಡಿಯುವ ಅಂದಾಜು. ಲಕ್ಷಗಟ್ಟಲೆ ಕಡತಗಳಿರುವ ಡೈರೆಕ್ಟರಿಯ ಪಟ್ಟಿ ಕೊಡಿ ಎಂದು ಪದೇ ಪದೇ ಕೇಳಿದರೆ ಆ ಸರ್ವರ್ ಬಳಲುತ್ತದೆ. ಆದ್ದರಿಂದ ವ್ಯವಸ್ಥೆಯನ್ನೇ ಬದಲಿಸಬೇಕಾಯಿತು. ನನ್ನನ್ನು ಸೆಳೆದದ್ದು ಆ ಬದಲಾವಣೆಯೇ.

ಜಾಬ್‌ನ ಗುರುತಿನಲ್ಲಿ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಕ್ಲಸ್ಟರನ್ನು ನಿರ್ವಹಿಸುವ ಸರ್ವರ್ ಶುರುವಾದ ಗಳಿಗೆ, ಎರಡನೆಯದು ಅಲ್ಲಿಂದೀಚೆಗಿನ ಕ್ರಮಸಂಖ್ಯೆ. 4217ನೆಯ ಜಾಬ್ 2024ರ ಮಾರ್ಚ್ 11ರಂದು ಮುಗಿಯಿತು ಎಂದುಕೊಳ್ಳೋಣ. ಹಡೂಪ್ ಆ ಸಂಖ್ಯೆಯನ್ನು ಒಂಬತ್ತು ಅಂಕಿಗಳಿಗೆ ಹಿಗ್ಗಿಸಿ 000004217 ಎಂದು ಬರೆದು, ಮೊದಲ ಆರು ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಕಡತ ಹೋಗಿ ಸೇರುವ ಜಾಗ 2024/03/11/000004. ಕೊನೆಯ ಮೂರು ಅಂಕಿಗಳನ್ನು ಕೈಬಿಟ್ಟ ಕಾರಣ 4000ದಿಂದ 4999ರವರೆಗಿನ ಎಲ್ಲ ಜಾಬ್‌ಗಳೂ ಅದೇ ಸರಣಿಗೆ ಸೇರುತ್ತವೆ. ಒಂದು ಕ್ಲಸ್ಟರಿನ ಒಂದು ಓಟದಲ್ಲಿ, ಅಂದರೆ ಅದು ಶುರುವಾದಲ್ಲಿಂದ ಮತ್ತೆ ಹೊಸದಾಗಿ ಶುರುವಾಗುವವರೆಗೆ, ಯಾವ ಕೊನೆಯ ಡೈರೆಕ್ಟರಿಯಲ್ಲೂ ಸಾವಿರಕ್ಕಿಂತ ಹೆಚ್ಚು ಜಾಬ್‌ಗಳು ಸೇರುವಂತಿಲ್ಲ.

ಆದರೆ ಹುಡುಕುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಜಾಬ್‌ನ ಗುರುತು ಮಾತ್ರ. ಅದು ಮುಗಿದ ದಿನ ಅವರಿಗೆ ಗೊತ್ತಿರುವುದಿಲ್ಲ. ದಿನ ಗೊತ್ತಿಲ್ಲದೆ ಡೈರೆಕ್ಟರಿಗಳ ಈ ಮರದ ಯಾವ ಕೊಂಬೆಗೆ ಹತ್ತುವುದು? ಪ್ರತಿ ಜಾಬ್‌ಗೂ ಅದರ ದಿನಾಂಕವನ್ನು ಬರೆದಿಡುವ ಕೋಷ್ಟಕ ಮಾಡಬಹುದಿತ್ತು, ಆದರೆ ಅದು ಜಾಬ್‌ಗಳಷ್ಟೇ ದೊಡ್ಡದಾಗಿ ಬೆಳೆಯುತ್ತದೆ. ಹಡೂಪ್ ಅದರ ಬದಲು ಆರು ಅಂಕಿಗಳ ಸರಣಿ ಸಂಖ್ಯೆಯ ಎದುರು, ಆ ಸರಣಿ ಕಾಣಿಸಿಕೊಂಡ ದಿನಾಂಕಗಳನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ. ಸಾವಿರ ಜಾಬ್‌ಗಳಿಗೆ ಒಂದು ಸಾಲು ಸಾಕು. ಒಂದಕ್ಕಿಂತ ಹೆಚ್ಚು ದಿನಾಂಕಗಳು ಯಾಕೆಂದರೆ, ಸಂಖ್ಯೆ ಸಿಗುವುದು ಜಾಬ್ ಸಲ್ಲಿಕೆಯಾದಾಗ, ಜಾಗ ಸಿಗುವುದು ಅದು ಮುಗಿದಾಗ. 4216 ಮತ್ತು 4217 ಬೆನ್ನುಬೆನ್ನಿಗೆ ಹೊರಟರೂ, ಒಂದು ಮಧ್ಯರಾತ್ರಿಗೆ ಮುನ್ನ ಮುಗಿದು ಇನ್ನೊಂದು ಮರುದಿನ ಮುಗಿದರೆ ಎರಡೂ ಬೇರೆ ಬೇರೆ ದಿನಗಳ ಕೆಳಗೆ ಬೀಳುತ್ತವೆ. 4217 ಎಲ್ಲಿ ಎಂದು ಕೇಳಿದಾಗ, ಈ ಚರಿತ್ರೆಯನ್ನು ನೋಡಿಕೊಳ್ಳುವ ಹಿಸ್ಟರಿ ಸರ್ವರ್ 000004ರ ಎದುರಿನ ದಿನಾಂಕಗಳನ್ನು ನೋಡಿ, ಆ ಕೆಲವೇ ಡೈರೆಕ್ಟರಿಗಳ ಪಟ್ಟಿ ತರಿಸಿಕೊಳ್ಳುತ್ತದೆ. ಇದಕ್ಕೊಂದು ಮಿತಿಯೂ ಇದೆ: ಕ್ಲಸ್ಟರ್ ಹೊಸದಾಗಿ ಶುರುವಾದಾಗ ಕ್ರಮಸಂಖ್ಯೆ ಮತ್ತೆ 1ರಿಂದ ಹೊರಡುವುದರಿಂದ 000000 ಸರಣಿಯ ಎದುರು ದಿನಾಂಕಗಳು ಹೆಚ್ಚುತ್ತವೆ. ಅಷ್ಟಾದರೂ ಇಷ್ಟು ಚಿಕ್ಕ ಕೋಷ್ಟಕ ಇಷ್ಟು ದೊಡ್ಡ ಹುಡುಕಾಟವನ್ನು ಉಳಿಸುವುದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಡೈರೆಕ್ಟರಿಯ ಪಟ್ಟಿ ಬಂದರೆ ಸಾಕೆ, ಕಡತವನ್ನು ತೆರೆಯುವುದು ಬೇಡವೆ ಎಂದು ಕೇಳಬಹುದು. ಬಹುತೇಕ ಪ್ರಶ್ನೆಗಳಿಗೆ ಬೇಡ. ಜಾಬ್‌ನ ಗುರುತು, ಸಲ್ಲಿಸಿದ ಸಮಯ, ಬಳಕೆದಾರನ ಹೆಸರು, ಜಾಬ್‌ನ ಹೆಸರು, ಮುಗಿದ ಸಮಯ, ಮ್ಯಾಪ್ ಮತ್ತು ರೆಡ್ಯೂಸ್ ತುಂಡುಗಳ ಎಣಿಕೆ, ಯಶಸ್ಸೋ ವೈಫಲ್ಯವೋ ಎಂಬ ಸ್ಥಿತಿ, ಸರತಿ, ಆರಂಭದ ಸಮಯ ಇವೆಲ್ಲವನ್ನೂ ಅಡ್ಡಗೆರೆಗಳಿಂದ (-) ಪೋಣಿಸಿ ಕಡತದ ಹೆಸರಿನೊಳಗೇ ಬರೆದಿರುತ್ತಾರೆ. ಹೆಸರನ್ನು ಓದಲು ಡಿಸ್ಕನ್ನು ಮುಟ್ಟಬೇಕಿಲ್ಲ, ನೇಮ್‌ನೋಡ್‌ನ ಉತ್ತರದಲ್ಲೇ ಅದು ಬಂದಿರುತ್ತದೆ. ಹೆಸರಿಗೂ ಒಡಲಿಗೂ ಇರುವ ವೆಚ್ಚದ ಅಂತರ ಸರ್ವರಿನ ಮೂಲ ಸಂಯೋಜನೆಯಲ್ಲೇ ಕಾಣುತ್ತದೆ: ಹೆಸರಿನ ಮಟ್ಟದಲ್ಲಿ ಅದು 20,000 ಜಾಬ್‌ಗಳನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ, ಪೂರ್ತಿ ತೆರೆದು ಓದಿದ ಜಾಬ್‌ಗಳನ್ನು ಕೇವಲ 5.

ಅಡ್ಡಗೆರೆಯೇ ಬೇಲಿಯಾದ ಮೇಲೆ ಬಳಕೆದಾರರು ಇಟ್ಟ ಹೆಸರಿನೊಳಗಿನ ಅಡ್ಡಗೆರೆಯನ್ನು ಬೇರೆ ಸಂಕೇತವಾಗಿ ಬದಲಿಸಲೇಬೇಕಾಗುತ್ತದೆ. ಇಂಗ್ಲಿಷ್‌ನಾಚೆಯ ಅಕ್ಷರಗಳಿಗೂ ಇದೇ ಗತಿ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ, ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆಯೊಂದಿಗೆ ಮೂರು ಚಿಹ್ನೆಗಳಾಗಿ ಬರೆಯಲಾಗುತ್ತದೆ. ಹೀಗೆ ಒಂದಕ್ಕೆ ಒಂಬತ್ತಾಗುತ್ತದೆ. ಜಾಬ್‌ನ ಹೆಸರಿಗೆ ಮೂಲ ಮಿತಿ 50 ಚಿಹ್ನೆಗಳು ಇರುವುದರಿಂದ, ಕನ್ನಡದಲ್ಲಿ ಹೆಸರಿಡುವವರು ಈ ಮಿತಿಯನ್ನು ಹಿಗ್ಗಿಸಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಇದ್ದರೂ ಈ ಜೋಡಣೆ ಸುಲಭಗೊಳಿಸುವುದು ಒಂದೇ ಬಗೆಯ ಪ್ರಶ್ನೆಯನ್ನು. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿ ತೆಗೆಯುವುದು ಸಲೀಸು, ಮಾಲೀಕರ ಹೆಸರೊಂದೇ ಗೊತ್ತಿದ್ದರೆ ಆ ಹೆಸರಿನ ಸೂಚಿ ಬೇರೆಯೇ ಇರಬೇಕು, ಇಲ್ಲಿಯೂ ಅಷ್ಟೇ. ಒಬ್ಬ ಬಳಕೆದಾರನ ಒಂದೇ ಲೆಕ್ಕ ದಿನೇ ದಿನೇ ಹೇಗೆ ನಿಧಾನವಾಗುತ್ತಾ ಬಂತು ಎಂದು ತಿಳಿಯಲು ದಿನಾಂಕದ ಮರ ಹೆಚ್ಚು ನೆರವಾಗದು. ಟ್ವಿಟರ್‌ನವರು ಮುಕ್ತವಾಗಿ ಬಿಡುಗಡೆ ಮಾಡಿದ ಎಚ್‌ರೇವನ್ ಈ ಕೊರತೆಯನ್ನು ತುಂಬಲು ಹುಟ್ಟಿದ್ದು. ಅದು ಚರಿತ್ರೆಯನ್ನು ಎಚ್‌ಬೇಸ್ ದತ್ತಕೋಶಕ್ಕೆ ಸೇರಿಸುತ್ತದೆ. ಎಚ್‌ಬೇಸ್‌ನಲ್ಲಿ ಸಾಲುಗಳು, ಪ್ರತಿ ಸಾಲನ್ನೂ ಗುರುತಿಸುವ ಕೀಲಿಯ ಕ್ರಮದಲ್ಲಿ ಜೋಡಣೆಯಾಗಿರುತ್ತವೆ. ಆ ಕೀಲಿಯಲ್ಲಿ ಮೊದಲು ಕ್ಲಸ್ಟರ್, ಆಮೇಲೆ ಬಳಕೆದಾರ, ಆಮೇಲೆ ಲೆಕ್ಕದ ಹೆಸರು, ಆಮೇಲೆ ಓಡಿದ ಸಮಯ ಬರುತ್ತದೆ. ಸಮಯವನ್ನು ನೇರವಾಗಿ ಬರೆಯದೆ ಅತಿ ದೊಡ್ಡ ಸಂಖ್ಯೆಯೊಂದರಿಂದ ಕಳೆದು ಬರೆಯುತ್ತಾರೆ. ಆಗ ಹೊಸ ಓಟಕ್ಕೆ ಚಿಕ್ಕ ಸಂಖ್ಯೆ ಸಿಕ್ಕಿ, ಅದು ಪಟ್ಟಿಯ ತಲೆಯಲ್ಲಿ ನಿಲ್ಲುತ್ತದೆ. ಇತ್ತೀಚಿನ ಹತ್ತು ಓಟಗಳನ್ನು ಕೊಡು ಎಂದರೆ ಮೊದಲಿನ ಹತ್ತು ಓಟಗಳ ಸಾಲುಗಳನ್ನು ಓದಿ ನಿಲ್ಲಿಸಿದರಾಯಿತು.

ದೋಷದ ಸಂದೇಶದಲ್ಲಿನ ಯಾವುದೋ ಪದವನ್ನು ಹಿಡಿದು ಹುಡುಕಬೇಕಾದರೆ ಪ್ರತಿ ಪದದ ಎದುರು ಅದು ಬರುವ ದಾಖಲೆಗಳನ್ನು ಬರೆದಿಡುವ ಸೂಚಿ ಬೇಕು. ಅಂಥ ಸೂಚಿಯನ್ನು ಕಟ್ಟುವ ಲೂಸೀನ್ ಎಂಬ ತಂತ್ರಾಂಶವನ್ನು ಡಗ್ ಕಟಿಂಗ್ ಅವರೇ ಹಡೂಪ್‌ಗಿಂತ ಮೊದಲು ಬರೆದಿದ್ದರು. ಇಂದು ಲಾಗ್ ಹುಡುಕಾಟಕ್ಕೆ ಹೆಸರಾದ ಇಲಾಸ್ಟಿಕ್‌ಸರ್ಚ್ ನಿಂತಿರುವುದು ಅದರ ಮೇಲೆಯೇ. ಅಲ್ಲಿಯೂ ಸೂಚಿ ಸಿದ್ಧವಾಗುವುದು ದಾಖಲೆ ಒಳಬರುವಾಗಲೇ.

ದಿನಾಂಕದ ಮರ ಅಳಿಸುವುದಕ್ಕೂ ನೆರವಾಗುತ್ತದೆ. ಮೂಲ ಸಂಯೋಜನೆಯಂತೆ ಹಡೂಪ್ ಚರಿತ್ರೆಯನ್ನು ಇಟ್ಟುಕೊಳ್ಳುವುದು 7 ದಿನ ಮಾತ್ರ. ದಿನಕ್ಕೊಮ್ಮೆ ಅದು ಅತಿ ಹಳೆಯ ದಿನಾಂಕದಿಂದ ಶುರುಮಾಡಿ ಅಳಿಸುತ್ತಾ ಬಂದು, ಅವಧಿ ಮೀರದ ಮೊದಲ ಕಡತ ಎದುರಾದ ಕೂಡಲೇ ನಿಲ್ಲುತ್ತದೆ. ಮುಂದಿನ ಲಕ್ಷಾಂತರ ಹೆಸರುಗಳನ್ನು ಮುಟ್ಟುವುದೂ ಇಲ್ಲ, ಸರಣಿಯ ಕೋಷ್ಟಕದಿಂದ ಆ ದಿನಾಂಕಗಳನ್ನು ತೆಗೆದುಹಾಕುವುದನ್ನು ಮರೆಯುವುದೂ ಇಲ್ಲ. ಕಳೆದ ಯುಗಾದಿಗೂ ಈ ಯುಗಾದಿಗೂ ಕೆಲಸದ ಹೊರೆ ಹೇಗೆ ಬದಲಾಯಿತು ಎಂದು ಹೋಲಿಸಬಯಸುವವರು ಆ 7 ದಿನಗಳ ಒಳಗೆ ಪ್ರತಿ ಬಾರಿಯೂ ದಾಖಲೆಗಳನ್ನು ಬೇರೆಡೆಗೆ ನಕಲು ಮಾಡಿಟ್ಟಿರಬೇಕು, ಇಲ್ಲವೇ ಆ ಅವಧಿಯನ್ನು ಮೊದಲೇ ಹೆಚ್ಚಿಸಿರಬೇಕು.