ಎಳೆಯದೆ ಬಿಟ್ಟರೇ ಕೆಲಸ ಮಾಡುವ ಪಟ್ಟಿ

ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ, ತುಂಬಿದ ಬಕೆಟ್ ಎತ್ತಿದರೆ ಒಂದಿಷ್ಟು ಮೂತ್ರ ಸೋರಿಬಿಡುತ್ತದೆ. ಹೆರಿಗೆಯಾದವರಲ್ಲಿ, ಮುಟ್ಟು ನಿಂತವರಲ್ಲಿ ಇದು ಸಾಮಾನ್ಯ. ‘ವಯಸ್ಸಾಯಿತು, ಇದೆಲ್ಲ ಇದ್ದದ್ದೇ’ ಎಂದು ಪ್ಯಾಡ್ ಇಟ್ಟುಕೊಂಡು ಸುಮ್ಮನಾಗುವವರೇ ಹೆಚ್ಚು. ಹಾಗೆ ಸುಮ್ಮನಾಗಬೇಕಾದ ಕಾಯಿಲೆ ಇದಲ್ಲ. ಮೂತ್ರನಾಳದ ಕೆಳಗೆ ಸಣ್ಣ ಪಟ್ಟಿಯೊಂದನ್ನು ಇಟ್ಟು ಸೋರಿಕೆ ತಡೆಯುವ ಆಪರೇಷನ್ ಇದೆ.

ಮೂತ್ರಕೋಶದಿಂದ ಹೊರಕ್ಕೆ ಬರುವ ನಾಳ ಹೆಂಗಸರಲ್ಲಿ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ. ಅದರ ಹಿಂದೆ ಯೋನಿಯ ಮುಂಗೋಡೆ ಮತ್ತು ಅದನ್ನು ಎರಡೂ ಬದಿಗೆ ಬಿಗಿದು ಹಿಡಿದ ಅಂಗಾಂಶ ಆಸರೆಯಾಗಿ ನಿಂತಿರುತ್ತವೆ. ನೀರಿನ ಪೈಪನ್ನು ಗಟ್ಟಿ ನೆಲದ ಮೇಲಿಟ್ಟು ತುಳಿದರೆ ನೀರು ನಿಲ್ಲುತ್ತದೆ. ಕೆಸರಿನಲ್ಲಿಟ್ಟು ತುಳಿದರೆ ಪೈಪು ಹೂತುಹೋಗುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ. ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಮೂತ್ರನಾಳವನ್ನು ತುಳಿಯುವುದೂ ಹೀಗೆಯೇ. ಹೆರಿಗೆಯಲ್ಲಿ ಆಸರೆ ಸಡಿಲವಾಗಿದ್ದರೆ ನಾಳ ಒತ್ತಿ ಮುಚ್ಚಿಕೊಳ್ಳುವ ಬದಲು ಕೆಳಕ್ಕೆ ಜಾರುತ್ತದೆ. 1994ರಲ್ಲಿ ಅಮೆರಿಕದ ಸ್ತ್ರೀರೋಗತಜ್ಞ ಜಾನ್ ಡಿಲ್ಯಾನ್ಸಿ ಈ ವಿವರಣೆಯನ್ನು ಮುಂದಿಟ್ಟರು.

ಅದಕ್ಕೂ ಮೊದಲು ಶಸ್ತ್ರವೈದ್ಯರು ನೆಚ್ಚಿಕೊಂಡಿದ್ದು ಮೇಲಕ್ಕೆತ್ತುವ ಉಪಾಯವನ್ನು. 1942ರಲ್ಲಿ ಆಲ್ಡ್ರಿಜ್ ರೋಗಿಯ ಹೊಟ್ಟೆಯ ಸ್ನಾಯುವಿನ ಮೇಲಿನ ಗಟ್ಟಿ ಪೊರೆಯಿಂದಲೇ ಪಟ್ಟಿ ತೆಗೆದು ಮೂತ್ರನಾಳದ ಕೆಳಗಿನಿಂದ ಹಾಯಿಸಿದರು. 1961ರಲ್ಲಿ ಬರ್ಚ್, ಮೂತ್ರಕೋಶದ ಕತ್ತಿನ ಅಕ್ಕಪಕ್ಕಕ್ಕೆ ಹೊಲಿಗೆ ಹಾಕಿ ಮೇಲಕ್ಕೆ ಕಟ್ಟುವ ವಿಧಾನವನ್ನು ವಿವರಿಸಿದರು. ಇವುಗಳಿಂದ ಸೋರಿಕೆ ನಿಲ್ಲುತ್ತಿತ್ತು, ನಿಜ. ಆದರೆ ಬಿಗಿ ಸ್ವಲ್ಪ ಹೆಚ್ಚಾದರೂ ಮೂತ್ರ ಮಾಡಲಿಕ್ಕೇ ಕಷ್ಟ!

ಆಸ್ಟ್ರೇಲಿಯಾದ ವೈದ್ಯ ಪೀಟರ್ ಪೆಟ್ರೋಸ್ ಮತ್ತು ಸ್ವೀಡನ್ನಿನ ವೈದ್ಯ ಉಲ್ಫ್ ಉಲ್ಮ್‌ಸ್ಟೆನ್ ಬೇರೆ ದಾರಿ ಹಿಡಿದರು. ಆಸರೆ ಬೇಕಿರುವುದು ಮೂತ್ರಕೋಶದ ಕತ್ತಿಗಲ್ಲ, ನಾಳದ ನಡುಭಾಗಕ್ಕೆ. ಅದನ್ನು ಎತ್ತಿ ಕಟ್ಟಬೇಕಾಗಿಯೂ ಇಲ್ಲ ಎಂಬುದು ಅವರ ವಾದ. ಉಲ್ಮ್‌ಸ್ಟೆನ್ ತಂಡ 1996ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಸುಮಾರು ಒಂದು ಸೆಂಟಿಮೀಟರ್ ಅಗಲದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಜಾಲರಿ ಪಟ್ಟಿಯನ್ನು ಯೋನಿಯೊಳಗಿನ ಸಣ್ಣ ಗಾಯದ ಮೂಲಕ ನಾಳದ ಕೆಳಗೆ ಸಡಿಲವಾಗಿ ಇಡುತ್ತಾರೆ. ನೋವಾಗದಂತೆ ಆ ಜಾಗಕ್ಕಷ್ಟೇ ಮದ್ದು ಕೊಟ್ಟು, ಎಚ್ಚರವಿರುವ ರೋಗಿಗೆ ‘ಕೆಮ್ಮಿ ನೋಡೋಣ’ ಎಂದು ಹೇಳಿ ಪಟ್ಟಿಯನ್ನು ಹೊಂದಿಸುತ್ತಿದ್ದರು. ಸುಮ್ಮನಿದ್ದಾಗ ಪಟ್ಟಿ ಏನನ್ನೂ ಮಾಡುವುದಿಲ್ಲ. ಕೆಮ್ಮಿದ ಕ್ಷಣದಲ್ಲಿ ಮಾತ್ರ ನಾಳ ಅದಕ್ಕೆ ಒತ್ತಿಕೊಂಡು ಮುಚ್ಚುತ್ತದೆ. ಈ ಚಿಕಿತ್ಸೆಯಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ.

ಪಟ್ಟಿಗೆ ಹೊಲಿಗೆಯಿಲ್ಲ. ಮೊದಲು ಸುತ್ತಲಿನ ಅಂಗಾಂಶದ ತಿಕ್ಕಾಟದಿಂದ ಅದು ನಿಲ್ಲುತ್ತದೆ, ಆಮೇಲೆ ಜಾಲರಿಯ ರಂಧ್ರಗಳೊಳಗೆ ಅಂಗಾಂಶ ಬೆಳೆದು ಹಿಡಿದುಕೊಳ್ಳುತ್ತದೆ. ಪಟ್ಟಿಯ ತುದಿಗಳನ್ನು ಹೊಟ್ಟೆಯ ಕೆಳಭಾಗಕ್ಕೆ ಹಾಯಿಸುವುದು ಒಂದು ದಾರಿ. 2001ರಿಂದ ತೊಡೆಸಂದಿಯ ಕಡೆಗೆ ಹಾಯಿಸುವ ದಾರಿಯೂ ಬಂದಿದೆ. ಮೊದಲನೆಯದರಲ್ಲಿ ಸೂಜಿ ಮೂತ್ರಕೋಶವನ್ನು ಚುಚ್ಚುವ ಅಪಾಯ ಹೆಚ್ಚು, ಹಾಗಾಗಿ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಎರಡನೆಯದರಲ್ಲಿ ತೊಡೆಸಂದಿ ನೋವು ಹೆಚ್ಚು. 597 ಮಹಿಳೆಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಪರೀಕ್ಷೆಗಳಲ್ಲಿ ಕಂಡ ಯಶಸ್ಸು ಕ್ರಮವಾಗಿ ಶೇ. 80.8 ಮತ್ತು ಶೇ. 77.7.

ಇಷ್ಟಾದರೂ ಮೊದಲ ಹೆಜ್ಜೆ ಆಪರೇಷನ್ ಅಲ್ಲ. 1948ರಲ್ಲಿ ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೀಗಲ್ ಪ್ರಚಾರಕ್ಕೆ ತಂದ, ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮವನ್ನು ತಿಳಿದವರಿಂದ ಕಲಿತು ಕನಿಷ್ಠ ಮೂರು ತಿಂಗಳು ಮಾಡಬೇಕು. ತೂಕ ಇಳಿಸಿದರೂ ಸೋರಿಕೆ ತಗ್ಗುತ್ತದೆ. ಇನ್ನು, ಅವಸರ ಬಂದು ಬಚ್ಚಲು ಮುಟ್ಟುವಷ್ಟರಲ್ಲಿ ಸೋರುವುದು ಬೇರೆಯದೇ ತೊಂದರೆ. ಪಟ್ಟಿ ಅದಕ್ಕೆ ಮದ್ದಲ್ಲ. ಮುಂದೆ ಮಕ್ಕಳು ಬೇಕೆನ್ನುವವರಿಗೆ ಸಾಮಾನ್ಯವಾಗಿ ಕಾಯಲು ಹೇಳುತ್ತಾರೆ.

ಪಟ್ಟಿಯನ್ನು ಹಿಡಿದಿಡುವ ಗುಣವೇ ಕೆಲವರಿಗೆ ಸಂಕಟವೂ ಆಗಿದೆ. ಕೆಲವೊಮ್ಮೆ ಜಾಲರಿ ಯೋನಿಯ ಗೋಡೆಯನ್ನು ಕೊರೆದು ಹೊರಬರುತ್ತದೆ, ಬಹುಕಾಲ ನೋವು ಉಳಿಯುತ್ತದೆ, ಗಂಡ-ಹೆಂಡಿರ ಕೂಡುವಿಕೆಗೂ ತೊಡಕಾಗುತ್ತದೆ. ಅಂಗಾಂಶ ಒಳಗೆ ಬೆಳೆದಿರುವುದರಿಂದ ಪೂರ್ತಿ ತೆಗೆಯುವುದು ಕಷ್ಟ. ನೊಂದ ಮಹಿಳೆಯರ ದೂರುಗಳನ್ನು ಬಹಳ ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಇಂಗ್ಲೆಂಡ್‌ನಲ್ಲಿ 2018ರ ಜುಲೈನಲ್ಲಿ ಈ ಪಟ್ಟಿಯ ಬಳಕೆಗೆ ತಡೆ ಬಿತ್ತು. ಅಲ್ಲಿನ ಸರ್ಕಾರ ನೇಮಿಸಿದ್ದ ಪರಿಶೀಲನಾ ಸಮಿತಿಯ 2020ರ ಕಂಬರ್ಲೆಜ್ ವರದಿ ಆ ಕಿವುಡುತನವನ್ನು ಖಂಡಿಸಿತು. ಅಮೆರಿಕದಲ್ಲಿ 2019ರಲ್ಲಿ ಮಾರಾಟ ನಿಂತದ್ದು ಗರ್ಭಕೋಶ, ಮೂತ್ರಕೋಶ ಜಾರಿದಾಗ ಯೋನಿಯ ಮೂಲಕ ಹಾಕುತ್ತಿದ್ದ ದೊಡ್ಡ ಜಾಲರಿಗಳದು. ಸೋರಿಕೆಯ ಪಟ್ಟಿ ಅಲ್ಲಿ ಬಳಕೆಯಲ್ಲೇ ಉಳಿದಿದೆ. ಎರಡನ್ನೂ ಒಂದೇ ಎಂದುಕೊಂಡು ಹೆದರುವವರು ಬಹಳ.

ಜಾಲರಿ ಬೇಡವೆನ್ನುವವರಿಗೆ ಹಳೆಯ ಪೊರೆಯ ಪಟ್ಟಿ ಈಗಲೂ ಇದೆ. ಗಾಯ ದೊಡ್ಡದು, ಆಪರೇಷನ್ ನಂತರ ಮೂತ್ರ ಕಟ್ಟುವ ಸಾಧ್ಯತೆಯೂ ಹೆಚ್ಚು. ಆದರೆ 2007ರಲ್ಲಿ ಪ್ರಕಟವಾದ, 655 ಮಹಿಳೆಯರನ್ನು ಒಳಗೊಂಡ ಹೋಲಿಕೆಯಲ್ಲಿ, ಕೆಮ್ಮು-ಸೀನಿನ ಸೋರಿಕೆಯ ಮಟ್ಟಿಗೆ ಎರಡು ವರ್ಷದ ಯಶಸ್ಸು ಬರ್ಚ್ ವಿಧಾನಕ್ಕೆ ಶೇ. 49 ಇದ್ದರೆ ಈ ಪೊರೆಯ ಪಟ್ಟಿಗೆ ಶೇ. 66 ಇತ್ತು.